ರಕ್ಕಸಿಯ ಹುಳಿತೇಗು

ಬಹಳ ಹಿಂದೆ, ಗುಡ್ಡಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಚಿಪ್ಪಿನಹೊಳೆ ಎಂಬ ರಾಜ್ಯವಿತ್ತು. ಅಲ್ಲಿನ ಗುಡ್ಡದ ಮೇಲೊಬ್ಬ ರಕ್ಕಸಿ. ಅವಳು ತೇಗಿದರೆ ಹುಳಿ ಹೊಗೆ ಇಳಿದು ಬಂದು ಗದ್ದೆಗಳ ಮೇಲೆ ಕೂರುತ್ತಿತ್ತು. ಮಣ್ಣು ಹುಳಿಯಾಗಿ ಭತ್ತದ ಪೈರು ಹಳದಿ ತಿರುಗಿ ಸಾಯುತ್ತಿತ್ತು. ರಾಜ ಸೈನ್ಯ ಕಳಿಸಿದ. ಒಂದೇ ತೇಗಿಗೆ ಕತ್ತಿಗಳೆಲ್ಲ ತುಕ್ಕಾಗಿ ಉದುರಿದವು. ಪಾಪ, ಸೈನಿಕರು ಬರೀ ಹಿಡಿಗಳನ್ನು ಹಿಡಿದುಕೊಂಡು ವಾಪಸು ಬಂದರು.

ಹೊಳೆದಂಡೆಯಲ್ಲಿ ಬೊಮ್ಮಿ ಎಂಬ ಸುಣ್ಣ ಸುಡುವವಳಿದ್ದಳು. ಗಂಡ ಕರಿಗ ಹೊಳೆಯಲ್ಲಿ ಮುಳುಗಿ ಚಿಪ್ಪು ತರುವನು. ಇವಳು ಸುಣ್ಣದ ಗೂಡಿನಲ್ಲಿ ಇದ್ದಿಲು, ಚಿಪ್ಪು, ಮತ್ತೆ ಇದ್ದಿಲು ಎಂದು ಪೇರಿಸಿ ಸುಡುವಳು. ಊರವರಿಗೆ ಹುಳಿತೇಗು ಬಂದರೆ ಸುಣ್ಣದ ತಿಳಿನೀರು ಕೊಡುವವಳೂ ಇವಳೇ. ರೈತರು ಇವಳ ಸುಣ್ಣ ಎರಚಿದರೆ ಮಣ್ಣು ಸರಿಹೋಗುತ್ತಿತ್ತು. ಮರುದಿನ ಮೇಲಿನಿಂದ ಮತ್ತೊಂದು ತೇಗು!

ಒಂದು ಬೆಳಿಗ್ಗೆ ರಕ್ಕಸಿ ಹೊಳೆಗಿಳಿದು ಬಂದವಳು ಕರಿಗನನ್ನು ಎತ್ತಿಕೊಂಡು ಹೋದಳು.

ರಾಜ ಬೊಮ್ಮಿಯನ್ನು ಕರೆಸಿ ಹೇಳಿದ: "ತಾಯಿ, ಸುಟ್ಟ ಸುಣ್ಣಕ್ಕೆ ನೀರು ಹೊಯ್ದು, ಕುದಿಯುವಾಗಲೇ ಅವಳಿಗೆ ಕುಡಿಸಿಬಿಡು. ಬೆಂದು ಸಾಯಲಿ."

ಬೊಮ್ಮಿ ಹಲ್ಲು ಕಚ್ಚಿ, ಸುಟ್ಟ ಸುಣ್ಣವನ್ನೂ ದೊಡ್ಡ ಮಣ್ಣಿನ ಗುಡಾಣವನ್ನೂ ಕತ್ತೆಯ ಮೇಲೆ ಹೇರಿ ಗುಡ್ಡ ಹತ್ತಿದಳು. ಅಲ್ಲಿ ರಕ್ಕಸಿ ಒಂದು ಕೈಯಲ್ಲಿ ಕರಿಗನನ್ನೂ ಇನ್ನೊಂದರಲ್ಲಿ ತನ್ನ ಹೊಟ್ಟೆಯನ್ನೂ ಹಿಡಿದು ಗೋಳಾಡುತ್ತಿದ್ದಳು.

"ಎದೆಯೆಲ್ಲ ಉರೀತದೆ ಕಣೇ! ಬಂಡೆ ನುಂಗಿದೆ, ಕಾಡು ನುಂಗಿದೆ, ಆರಲಿಲ್ಲ. ಇವನನ್ನ ನುಂಗಿದರಾದರೂ ಆರೀತೇನೋ."

ಬೊಮ್ಮಿಗೆ ಕರುಳು ಚುರುಕ್ ಎಂದಿತು. "ಆರೋದಿಲ್ಲವ್ವಾ. ನಾನು ಮದ್ದು ಮಾಡ್ತೀನಿ. ಆದರೆ ಕುಡಿ ಅನ್ನೋವರೆಗೆ ಕುಡೀಬಾರದು."

ಗುಡಾಣಕ್ಕೆ ಸುಣ್ಣ ಹಾಕಿ ಚಿಲುಮೆಯ ನೀರು ಹೊಯ್ದಳು. ಬೆಂಕಿಯಿಲ್ಲದೆ ನೀರು ಕೊತಕೊತ ಕುದಿಯಿತು.

"ಕೊಡು!" ಎಂದಳು ರಕ್ಕಸಿ.

ಬೊಮ್ಮಿಗೆ ರಾಜನ ಮಾತು ನೆನಪಾಯಿತು. ಆದರೂ ಕೈ ಅಡ್ಡ ಹಿಡಿದು, "ತಾಳವ್ವಾ, ಇನ್ನೂ ಬಿಸಿ" ಎಂದಳು.

ಕುದಿ ನಿಂತು ನೀರು ಹಾಲಿನಂತಾಯಿತು. "ಕೊಡು!" ರಕ್ಕಸಿಯ ಮುಷ್ಟಿ ಬಿಗಿಯಿತು. ಕರಿಗನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಬೊಮ್ಮಿ ಮತ್ತೆ ಕೈ ಅಡ್ಡ ಹಿಡಿದಳು.

"ತಾಳವ್ವಾ, ಇನ್ನೂ ಕದಡಿದೆ."

"ಹೌದು ಕಣೇ, ಕೊಡಬೇಡ," ಎಂದ ಕರಿಗ ಏದುಸಿರಿನಲ್ಲಿ. "ಪಾಪ, ಅವಳ ಬಾಯಿ ಬೆಂದುಹೋಗ್ತದೆ."

ರಕ್ಕಸಿ ಬೆರಗಾಗಿ ಅವನನ್ನು ಮೆಲ್ಲನೆ ನೆಲಕ್ಕಿಟ್ಟು, ಮೊಣಕಾಲು ತಬ್ಬಿ ಕುಳಿತಳು. ಸುಣ್ಣ ತಳಕ್ಕಿಳಿಯಿತು. ಮೇಲೆ ತಿಳಿನೀರು ನಿಂತಿತು. ಮೂರನೆಯ ಸಲ ಅವಳು "ಕೊಡ್ತೀಯಾ?" ಎಂದು ಕೇಳಿದಳು.

"ಈಗ ಕುಡಿಯವ್ವಾ."

ರಕ್ಕಸಿ ಕುಡಿದಳು. ದೊಡ್ಡದಾಗಿ ತೇಗಿದಳು. ಹೊಗೆ ಬರಲಿಲ್ಲ. ಆಮೇಲೆ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. "ಕೊಲ್ಲೋಕೆ ಎಷ್ಟೋ ಜನ ಬಂದರು. ಪಾಪ ಅಂದವರು ನೀವೇ ಮೊದಲು."

ಉಳಿದ ಸುಣ್ಣಕ್ಕೆ ಬೊಮ್ಮಿ ನೀರು ಚಿಮುಕಿಸಿದಳು. ಅದು ಅರಳಿ ಹಿಟ್ಟಾಯಿತು. ರಕ್ಕಸಿ ಅದನ್ನು ಅಂಗೈಯಲ್ಲಿಟ್ಟು ಉಫ್ ಎಂದು ಊದಿದಳು. ಸುಣ್ಣ ರಾಜ್ಯದ ಗದ್ದೆಗಳ ಮೇಲೆಲ್ಲ ಬಿತ್ತು. ಮಣ್ಣಿನ ಹುಳಿ ಸತ್ತಿತು, ಆ ವರ್ಷ ಕಣಗಳು ತುಂಬಿದವು.

ಅಂದಿನಿಂದ ಚಿಪ್ಪಿನಹೊಳೆಯಲ್ಲಿ ಎಲ್ಲರೂ ಸುಖವಾಗಿದ್ದರು. ಗೂಡು ಹಚ್ಚುವ ದಿನ ರಕ್ಕಸಿ ಇಳಿದು ಬಂದು, ತನ್ನ ಉಸಿರಿನಿಂದಲೇ ಬೆಂಕಿ ಊದಿಕೊಡುವಳು. ಆಮೇಲೆ ಗುಡಾಣದ ಪಕ್ಕ ಕೈಕಟ್ಟಿ ಕೂರುವಳು. ಬೊಮ್ಮಿ ಕುಡಿ ಅನ್ನುವವರೆಗೆ ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ.