ಪಾತಾಳ ಯಾತ್ರೆಯ ಮದುಮಗಳು

“ಏನೈತ್ರಿ ಇದರಾಗ?”

ದೇವಕಿ ನನ್ನ ಜೊತೆ ಆಡಿದ ಮೊದಲ ಮಾತು ಇದು. ಊರಿನ ಮಾಸ್ತರರ ಮಗಳಾದರೂ ಹೊರಗೆ ಓದಿ ಬೆಳೆದ ಅವಳು ನಮ್ಮೂರಿನ ಬ್ರ್ಯಾಂಚ್ ಪೋಸ್ಟಾಫೀಸಿಗೆ ಪೋಸ್ಟ್ ಮಾಸ್ಟರ್ ಆಗಿ ಬಂದು ವಾರವೂ ಆಗಿರಲಿಲ್ಲ. ನನ್ನ ಪಾರ್ಸೆಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಹುಬ್ಬು ಏರಿಸಿ ನೋಡಿದಳು.

ನಿಜ ಹೇಳಲು ನಾಲಿಗೆ ಹೊರಳಲಿಲ್ಲ. “ಬುಶ್ ರೀ ಮೇಡಂ. ಕೆನಾಲ್ ಗೇಟಿನ ತಿರುಪಿಗೆ ಹಾಕೋ ಉಂಗುರ,” ಅಂದೆ.

“ಬುಶ್ ಇಷ್ಟು ಹಗೂರ ಇರ್ತಾವೇನ್ರಿ?”

“ಫೈಬರಿಂದು ರೀ.”

“ಹೌದ್ರ್ಯಾ?” ಅಂದಳು. ತುಟಿಯ ಒಂದು ಕೊನೆ ಮಾತ್ರ ನಕ್ಕಿತು, ಇನ್ನೊಂದು ಕೊನೆ ಸರ್ಕಾರಿ ಕೆಲಸದಲ್ಲಿತ್ತು. ನಾನು ಸಹಿ ಹಾಕಿ ಓಡಿ ಬಂದೆ.

ನನ್ನ ಹೆಸರು ಈಶಪ್ಪ. ದೋರನಹಳ್ಳಿ ಕಡೆಯ ಒಂದು ಕಿರುಕಾಲುವೆಯ ಗೇಜ್ ನೋಡುವವನು. ಬೆಳಿಗ್ಗೆ, ಸಂಜೆ ನೀರಿನ ಮಟ್ಟ ಓದಿ ಫೋನ್ ಮಾಡುವುದು, ಮೇಲಿನವರು ಹೇಳಿದಷ್ಟು ಗೇಟು ಎತ್ತುವುದು. ಕೆಲಸ ಸಣ್ಣದಾದರೂ ನೀರು ಬಿಡುವ ತಿಂಗಳಲ್ಲಿ ಮೀಸೆ ತಿರುವುವ ರೈತರೂ ನನಗೆ ನಮಸ್ಕಾರ ಹೇಳುತ್ತಾರೆ. ಆ ಮರ್ಯಾದೆ ನನಗೆ ಬಹಳ ಇಷ್ಟ. ಈ ಕಥೆಯ ಪೂರ್ತಿ ನಾಚಿಕೆಗೇಡು ಹುಟ್ಟಿದ್ದು ಆ ಇಷ್ಟದಿಂದಲೇ.

ಡಬ್ಬಿಯಲ್ಲಿ ಇದ್ದದ್ದು ಗೊಂಬೆ. ಅಂಗೈ ಎತ್ತರದ, ದೊಡ್ಡ ತಲೆಯ, ಸಣ್ಣ ಮೈಯ ವಿನೈಲ್ ಗೊಂಬೆ. ಮೂವತ್ಮೂರು ವರ್ಷದ ಗಂಡಸು ಗೊಂಬೆ ತರಿಸುತ್ತಾನೆ ಎಂದು ಗೊತ್ತಾದರೆ ಊರಿನಲ್ಲಿ ತಲೆ ಎತ್ತಿ ನಡೆಯುವ ಹಾಗೆಯೇ ಇರಲಿಲ್ಲ. ಅದಕ್ಕೇ ಅವನ್ನೆಲ್ಲ ಗೇಜ್ ರೂಮಿನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದೆ.

ಎಂಟು ತಿಂಗಳಲ್ಲಿ ಒಂಬತ್ತು ‘ಬುಶ್’ ಬಂದವು. ಪ್ರತಿ ಸಲವೂ ಅವಳು ಅದೇ ಪ್ರಶ್ನೆ ಕೇಳಿದಳು. ಪ್ರತಿ ಸಲವೂ ಕೇಳಿದ ಮೇಲೆ ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನನ್ನ ಉತ್ತರಕ್ಕೆ ಕಾದಳು. ನಾನೂ ಪಾರ್ಸೆಲ್ ಬರದ ದಿನ ಸ್ಟ್ಯಾಂಪ್ ಕೊಳ್ಳಲು ಹೋಗತೊಡಗಿದೆ. ಯಾರಿಗೂ ಪತ್ರ ಬರೆಯುವವನಲ್ಲ ನಾನು.

ಹತ್ತನೆಯ ಡಬ್ಬಿಯ ಮೂಲೆ ದಾರಿಯಲ್ಲಿ ಹರಿದಿತ್ತು. ತೂತಿನಿಂದ ಬಳೆ ತೊಟ್ಟ ಒಂದು ಪುಟ್ಟ ಕೈ ಹೊರಗೆ ಬಂದಿತ್ತು.

“ಈಶಪ್ಪ ಅವರ, ನಿಮ್ಮ ಬುಶ್ ಕೈಗೆ ಬಳಿ ಇಟ್ಟುಕೊಂಡೈತ್ರಿ,” ಅಂದಳು.

ನನ್ನ ಕಿವಿ ಕಾದವು. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. “ಯಾರಿಗೂ ಹೇಳಬ್ಯಾಡ್ರಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬ್ಯಾಡ. ಇಲ್ಲಿ ಕುಂದ್ರಿ, ಈಕಿ ಯಾರಂತ ಹೇಳ್ರಿ,” ಎಂದು ಸ್ಟೂಲು ತಳ್ಳಿದಳು.

ಹಾಗೆ ನಾನು ಹೇಳಿದೆ. ಏಳನೇ ಇಯತ್ತೆಯಲ್ಲಿ ನಮ್ಮ ಸಾಲೆಯವರು ಹೈದರಾಬಾದಿನ ಆಚೆ ಇದ್ದ ಚಾಂದಮಹಲ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ‘ಪಾತಾಳ ಯಾತ್ರೆ’ ಎಂಬ ದೋಣಿಯ ಆಟ. ಸುರಂಗದೊಳಗೆ ಸಿಮೆಂಟಿನ ಕಾಲುವೆ, ಪಂಪಿನಿಂದ ನೀರು ಹರಿಸುತ್ತಿದ್ದರು, ಹುಟ್ಟಿಲ್ಲದ ದೋಣಿ ತಾನೇ ಸಾಗುತ್ತಿತ್ತು. ಎರಡೂ ದಡದಲ್ಲಿ ಯಂತ್ರದ ಗೊಂಬೆಗಳು: ಗೂಬೆ ತಲೆಯ ಕಾವಲುಗಾರ, ಮೂರು ಬಾಯಿಯ ಮೊಸಳೆ, ಎಡದಡದಲ್ಲಿ ಲಾಂದ್ರ ಎತ್ತುವ ಅಂಬಿಗ, ಬಲದಡದ ಮೆಟ್ಟಿಲ ಮೇಲೆ ಅವನಿಗಾಗಿ ಕಾಯುವ ಮದುಮಗಳು. ಎಲ್ಲರೂ ಕಿರುಚಿದರು. ನಾನು ಮಾತ್ರ ಬಾಯಿ ತೆರೆದು ನೋಡುತ್ತ ಕುಳಿತಿದ್ದೆ. ನಮ್ಮೂರಿನ ಕೆನಾಲ್ ನೀರು ಹೊಲಕ್ಕೆ ಹೋಗುತ್ತದೆ, ಈ ನೀರು ಕಥೆಯೊಳಗೆ ಹೋಗುತ್ತಿತ್ತು.

“ಈಗೂ ಐತೇನ್ರಿ?”

“ಎಂಬತ್ನಾಲ್ಕರಾಗ ಚಾಲೂ ಆಗಿತ್ತು. ಎರಡು ಸಾವಿರದ ಹನ್ನೊಂದರಾಗ ಬಂದ್ ಆತು. ಈಗ ಅಲ್ಲಿ ಗೋದಾಮು ಐತಿ. ಮುಂಬೈದ ಒಂದು ಕಂಪನಿ ಹಳೀ ಪಾರ್ಕಿನ ಆಟಗಳ ಗೊಂಬಿ ಮಾಡ್ತದ. ಡಬ್ಬಿ ಒಳಗ ಚರಿತ್ರಾನೂ ಅಚ್ಚು ಹಾಕಿ ಕಳಸ್ತಾರ. ಈಕಿ ಸೀರಿ ವರ್ಷಕ್ಕೊಂದು ಸಲ ಬದಲ ಮಾಡ್ತಿದ್ರಂತ. ಪಂಪ್ ಕೆಟ್ಟ ದಿನ ಅಂಬಿಗ ಲಾಂದ್ರ ಎತ್ತಿದಾಂವ ಎತ್ತಿದಂಗ ನಿಂತಬಿಡ್ತಿದ್ನಂತ.”

“ಕೆನಾಲ್ ಬಂದ್ ಆದಾಗ ನೀವು ನಿಲ್ತೀರಲ್ರಿ, ಹಂಗ,” ಅಂದಳು. ಈ ಸಲ ತುಟಿಯ ಎರಡೂ ಕೊನೆ ನಕ್ಕವು.

ಆಮೇಲೆ ಅವಳು ಮದುಮಗಳನ್ನು ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು. ನಾನು ದಿನವೂ ಒಂದು ಗೊಂಬೆಯ ಕಥೆ ಹೇಳಿದೆ. ಕೇಳುವಾಗ ಅವಳು ಗಲ್ಲಕ್ಕೆ ಕೈ ಕೊಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದಳು. ನನಗೆ ಇಸವಿಗಳೆಲ್ಲ ಮರೆತುಹೋಗುತ್ತಿದ್ದವು.

ಆ ವರ್ಷ ಕಾಲುವೆಗೆ ನೀರು ಬಂದ ದಿನ ಎಂದಿನಂತೆ ಹೆಣ್ಣುಮಕ್ಕಳು ಗೇಟಿನ ಹತ್ತಿರ ಬಂದು ಗಂಗಮ್ಮನ ಉಡಿ ತುಂಬಿದರು. ಕಾಯಿ ಒಡೆದರು. ಕುಂಕುಮ, ನಿಂಬೆಹಣ್ಣು, ಹಸಿರು ಕುಪ್ಪಸದ ಬಟ್ಟೆ ನೀರಿಗೆ ಬಿಟ್ಟರು. ಎಲ್ಲರೂ ಹೋದ ಮೇಲೆ ದೇವಕಿ ಬಂದಳು. ಚೀಲದಲ್ಲಿ ಮದುಮಗಳು ಇದ್ದಳು.

ಹುಚ್ಚು ಯೋಚನೆ ನನ್ನದು. “ಇಕಿನ್ನ ಒಂದ್ಸಲ ಖರೇ ನೀರಾಗ ದೋಣಿ ಹತ್ತಸೋಣೇನ್ರಿ?” ಅಂದೆ. ಬಿದ್ದಿದ್ದ ಕಾಯಿ ಕರಟವನ್ನು ದೋಣಿ ಮಾಡಿದೆ. ಅದಕ್ಕೆ ಕುಂಕುಮ ಮೆತ್ತಿಕೊಂಡಿತ್ತು. ದೇವಕಿ ಟಪಾಲು ಚೀಲ ಕಟ್ಟುವ ದಾರವನ್ನು ಗೊಂಬೆಯ ನಡುವಿಗೆ ಸುತ್ತಿದಳು. ಇಬ್ಬರೂ ಒಂದೇ ದಾರ ಹಿಡಿದು ದಡದಲ್ಲಿ ನಡೆದೆವು. ಅವಳ ಬೆರಳು ನನ್ನ ಬೆರಳಿಗೆ ತಾಗಿತು, ಅವಳು ತೆಗೆಯಲಿಲ್ಲ, ನಾನು ನೀರು ನೋಡುವುದನ್ನೇ ಬಿಟ್ಟೆ. ಅಷ್ಟರಲ್ಲಿ ದಾರ ಜಾರಿತು. ಓಡಿದೆವು, ಸಿಗಲಿಲ್ಲ. ಏದುಸಿರು ಬಿಡುತ್ತ ನಕ್ಕೆವು.

“ನಿಮ್ಮ ಅಂಬಿಗ ಹುಡಿಕ್ಕೊಂಡು ಬರ್ತಾನ ಬಿಡ್ರಿ,” ಅಂದಳು.

ಮರುದಿನ ಮಧ್ಯಾಹ್ನ ಕಾಲುವೆಯ ಕೊನೆಯ ಹೊಲದವರು ಗೇಟಿನ ಮುಂದೆ ಸೇರಿದ್ದರು. ಅವರಿಗೆ ನೀರು ತಲುಪಿರಲಿಲ್ಲ. ಯಾಕೆ ಎಂದು ಹುಡುಕುತ್ತ ಹೋದವರಿಗೆ ಕಾಲುವೆಗೆ ಅಡ್ಡ ಹಾಕಿದ ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿದ್ದು ಕುಂಕುಮದ ಕರಟ, ಸುತ್ತ ನಾಲ್ಕು ನಿಂಬೆಹಣ್ಣು, ನಡುವಿಗೆ ದಾರ ಬಿಗಿದ, ಬಿಳಿ ಮುಖದ, ಕೂದಲು ಬಿಚ್ಚಿದ ಒಂದು ಹೆಣ್ಣು ಗೊಂಬೆ. ದೇವಿಂದ್ರಪ್ಪ ಎಂಬ ರೈತ ಅದನ್ನು ಕೈಯಿಂದ ಮುಟ್ಟದೆ ಕೋಲಿನ ತುದಿಗೆ ಸಿಕ್ಕಿಸಿಕೊಂಡು ನಿಂತಿದ್ದ.

“ಮಾಟ ಮಾಡ್ಸ್ಯಾರ! ನೀರು ಕಟ್ಟಿ ಹಾಕ್ಯಾರ!” ಅಂದ. “ದಾರ ನೋಡ್ರಿ, ಪೋಸ್ಟಿಂದು. ನಿನ್ನಿ ಆ ಮಾಸ್ತರ ಮಗಳು ಇಲ್ಲೇ ಬಗ್ಗಿ ಏನೋ ಬಿಡಾಕತ್ತಿದ್ಳು, ನಮ್ಮನಿಯಾಕಿ ದೂರಿಂದ ಆಕಿನ್ನಷ್ಟ ನೋಡ್ಯಾಳ.”

ಯಾರೋ ದೇವಕಿಯನ್ನು ಕರೆಸಿದ್ದರು. ಅವಳು ಆಫೀಸಿನಿಂದ ಹಾಗೆಯೇ ಬಂದು ನಿಂತಳು. ಅವಳ ತಂದೆ ಚಂದ್ರಾಮಪ್ಪ ಮಾಸ್ತರರು ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ದೆವ್ವ ಇಲ್ಲ, ಮಾಟ ಇಲ್ಲ ಎಂದು ಪಾಠ ಹೇಳಿದವರು. ಅವರ ಮನೆಯಲ್ಲಿ ಬುದ್ಧನ ಪಟ ಒಂದನ್ನು ಬಿಟ್ಟು ಬೇರೆ ಪಟವಿಲ್ಲ.

“ದಾರ ನಮ್ಮ ಆಫೀಸಿಂದು ಖರೆ,” ಅಂದಳು ದೇವಕಿ. “ಮಾಟ ಅಲ್ರಿ, ಅದು ಆಟದ ಗೊಂಬಿ.”

“ಯಾರದು?”

ಅವಳು ಕೋಲಿನ ತುದಿಯ ಗೊಂಬೆಯನ್ನೇ ನೋಡಿದಳು. ದೇವಿಂದ್ರಪ್ಪ ನನ್ನ ಕಡೆ ತಿರುಗಿದ. “ಈಶಪ್ಪ, ನೀ ಹಗಲೆಲ್ಲ ಇಲ್ಲೇ ಇರಾಂವ. ನಿನಗ ಮಾಲೂಮ್ ಇರಬೇಕಲ್ಲ. ಯಾರದಿದು?”

ನಲವತ್ತು ಜನ ನನ್ನನ್ನು ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು, ಗಲ್ಲಕ್ಕೆ ಕೈ ಕೊಟ್ಟು ಕಥೆ ಕೇಳುವಾಗಿನ ಅದೇ ನಂಬಿಕೆಯಿಂದ.

“ನನಗ ಗೊತ್ತಿಲ್ರಿ,” ಅಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಕಣ್ಣು ಇಳಿಸಿದಳು. ನನ್ನ ಹೆಸರು ಹೇಳಬಹುದಿತ್ತು. “ಯಾರದೈತೊ ಅವರ ಬಾಯ್ಲೇ ಹೇಳ್ಲಿ. ನಾ ಹೇಳಂಗಿಲ್ಲ,” ಅಂದಳಷ್ಟೆ. ಅವರು ಒಣ ಮೆಣಸಿನಕಾಯಿ ಸೇರಿಸಿ ಗೊಂಬೆಯನ್ನು ಹೊಲದ ಬದುವಿನಲ್ಲಿ ಸುಟ್ಟರು. ವಿನೈಲ್ ಕರಗುವ ಕಮಟು ವಾಸನೆ ಸಂಜೆಯ ತನಕ ಇತ್ತು. ನಾನು ಅಲ್ಲಿಯೇ ನಿಂತಿದ್ದೆ, ಸುಡುವವರಿಗೆ ಬೆಂಕಿಪೆಟ್ಟಿಗೆ ಕೊಟ್ಟವನೂ ನಾನೇ.

ಸಂಜೆ ಹೋಗಿ ನೋಡಿದರೆ ಜಾಲರಿಯ ಆಚೆಯ ಮೋರಿಯೊಳಗೆ, ಹೊರಗಿನಿಂದ ಕಾಣದ ಹಾಗೆ, ಒಂದು ಜಾಲಿ ಮರದ ಕೊಂಬೆ ಅಡ್ಡ ಸಿಕ್ಕಿ, ಕಸ ತುಂಬಿ ನೀರು ನಿಂತಿತ್ತು. ಎಳೆದು ಹಾಕಿದೆ. ನೀರು ಹೋಯಿತು. ಗೊಂಬೆ ಸುಟ್ಟಿದ್ದರಿಂದ ಕಟ್ಟು ಬಿಟ್ಟಿತು ಎಂದು ಊರು ಮಾತಾಡಿಕೊಂಡಿತು. ಆಗಲೂ ನಾನು ಸುಮ್ಮನಿದ್ದೆ.

ಪೋಸ್ಟಾಫೀಸಿಗೆ ಜನ ಬರುವುದು ನಿಂತಿತು. ಪೆನ್ಶನ್ನಿನ ಮುದುಕಿಯರು ಅವಳ ಕೈಯಿಂದ ಏನೂ ತೆಗೆದುಕೊಳ್ಳಲು ಹೆದರಿ ಹೊರಗೇ ಕುಳಿತು ಎದ್ದು ಹೋದರು. ಮಾಸ್ತರರು ಸಂಜೆ ಕಟ್ಟೆಗೆ ಬರುವುದನ್ನು ಬಿಟ್ಟರು. ನಾನು ಹೋಗಿ ತಪ್ಪಾಯಿತು ಅನ್ನಬೇಕು ಎಂದು ಹೊರಟು, ಎರಡು ಸಲ ಅವಳ ಬೋರ್ಡು ಕಂಡ ಕೂಡಲೇ ಸೈಕಲ್ ತಿರುಗಿಸಿದೆ.

ಎಂಟನೆಯ ದಿನ ಪಾರ್ಸೆಲ್ ಬಂದಿದೆ ಎಂದು ಮೆಸೇಜು ಬಂತು. ನೀರು ಬರುವ ಮೊದಲೇ ನಾನು ತರಿಸಲು ಹಾಕಿದ್ದ ಡಬ್ಬಿ ಅದು. ಅದರಲ್ಲಿ ಏನಿದೆ, ಅದನ್ನು ಕೊಟ್ಟು ಅವಳನ್ನು ಏನು ಕೇಳಬೇಕು ಎಂದು ಕನ್ನಡಿಯ ಮುಂದೆ ಪ್ರ್ಯಾಕ್ಟೀಸ್ ಬೇರೆ ಮಾಡಿದ್ದೆ.

ಅವಳು ಡಬ್ಬಿಯನ್ನು ಅಲುಗಾಡಿಸಲಿಲ್ಲ. “ಇಲ್ಲಿ ಸೈನ್ ಮಾಡ್ರಿ,” ಅಂದಳು.

“ದೇವಕಿ ಮೇಡಂ...”

“ತಾರೀಖ ಹಾಕ್ರಿ.”

“ನನ್ನಿಂದ ಗಲತ್ ಆಗ್ಯಾದ್ರಿ. ನನಗ ಕ್ಷಮಾ...”

“ಇಲ್ಲಿ ಯಾಕ ಹೇಳ್ತೀರ್ರಿ? ಇಲ್ಲಿ ನಾವಿಬ್ಬರ ಅದೀವಿ,” ಅಂದಳು. “ನಿಮಗ ಒಂದು ಗೊಂಬಿ ಶರಮ್ ಅನಿಸ್ತು ನೋಡ್ರಿ, ನಾ ಅದಕ್ಕ ಸಿಟ್ಟಾಗಿಲ್ಲ. ನಮ್ಮಪ್ಪ ಮನಿ ಹೊರಗ ಹೊಂಟಿಲ್ಲ. ಅಷ್ಟು ತಿಳಕೋರಿ ಸಾಕು.”

ಈ ಸಲ ‘ಏನೈತ್ರಿ ಇದರಾಗ’ ಎಂದು ಕೇಳದ ಆ ಬಾಯಿಯನ್ನು ನೋಡುತ್ತ ನಿಂತು, ಡಬ್ಬಿ ಎತ್ತಿಕೊಂಡು ಬಂದೆ. ಒಡೆಯಲು ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಗೇಟಿನ ಬೇವಿನ ಗಿಡದ ಕೆಳಗೆ ನೀರಿನ ಪಾಳಿ ಹಚ್ಚುವ ಸಭೆ ಇತ್ತು. ಯಾರ ಹೊಲಕ್ಕೆ ಯಾವ ದಿನ ಎಂದು ನಾನೇ ಓದಿ ಹೇಳಬೇಕು. ಆ ಸಭೆಗೆ ಊರಿಗೆ ಊರೇ ಬರುತ್ತದೆ. ಅದಕ್ಕೂ ಮೊದಲು ಮಾಸ್ತರರ ಮನೆಗೆ ಹೋಗಿ, “ಸರ, ಒಂದು ತಾಸು ನನ್ನ ಕೂಡ ಬರ್ರಿ. ನಿಮ್ಮೆದುರಿಗೆ ಒಂದು ಮಾತು ಹೇಳೋದೈತಿ,” ಅಂದೆ. ಅವರು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿದರು.

ಪಾಳಿಯ ಪಟ್ಟಿ ತೆಗೆಯುವ ಬದಲು ಟ್ರಂಕು ತೆಗೆದೆ. ಬೀಗ ಮೂರನೆಯ ಸಲಕ್ಕೆ ಬಿಚ್ಚಿತು. ಒಂಬತ್ತು ಗೊಂಬೆಗಳನ್ನು ಗೇಟಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದೆ.

“ಇವು ನನ್ನವು,” ಅಂದೆ. “ನೀವು ಸುಟ್ಟದ್ದೂ ನಂದ. ನೀರಾಗ ಬಿಟ್ಟಾಂವನೂ ನಾನ. ಮಾಟ ಅಲ್ಲ, ಏನಲ್ಲ. ನನಗ ಗೊಂಬಿ ಅಂದ್ರ ಜೀವ. ಕೇಳಿದಾಗ ಗೊತ್ತಿಲ್ಲ ಅಂದೆ, ಯಾಕಂದ್ರ ನೀವು ನಗ್ತೀರಂತ ಹೆದರಿದೆ. ಮೋರ್ಯಾಗ ಜಾಲಿ ಕೊಂಬಿ ಸಿಕ್ಕು ನೀರು ನಿಂತಿತ್ತು, ಅದನ್ನೂ ಮುಚ್ಚಿಟ್ಟೆ. ಆಕಿ ನನ್ನ ಮಾನ ಕಾಯಾಕ ಸುಮ್ಮನಿದ್ಳು. ನಾ ನನ್ನ ಮಾನ ಕಾಯಾಕ ಆಕಿ ಮಾನ ಕಳದೆ.”

ಯಾರೋ ಕಿಸಕ್ಕೆಂದರು. ನೋಡನೋಡುತ್ತ ನಗು ಬೇವಿನ ಗಿಡದ ಸುತ್ತ ಹಬ್ಬಿತು. “ಏ, ಗೊಂಬಿ ಈಶಪ್ಪ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಇಷ್ಟು ದಿನ ನಾನು ಹೆದರಿದ್ದ ನಗು ಅದು. ನಿಂತು ಪೂರ್ತಿ ಕೇಳಿಸಿಕೊಂಡೆ.

ದೇವಿಂದ್ರಪ್ಪ ನಗಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಹೆಗಲಿಗೆ ಹಾಕಿ ಮಾಸ್ತರರ ಹತ್ತಿರ ಹೋದ. “ಸರ, ನೀವು ನನಗ ಅಕ್ಷರ ಕಲಿಸಿದವರು. ತಪ್ಪಾತ್ರಿ,” ಅಂದ.

ಎಂಬತ್ತರ ಮಲ್ಲಾಬಾಯಿ ಮಾತ್ರ ಗೂಬೆ ತಲೆಯ ಕಾವಲುಗಾರನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು. “ಏ ಈಶ್ಯಾ, ಎಲ್ಲಾ ಖರೆ. ಆಕಿ ನಿನ್ನ ಮಾನ ಯಾಕ ಕಾಯಬೇಕೊ? ಆಕಿ ನಿನಗ ಏನಾಗಬೇಕು?”

ಮಾಸ್ತರರು ಎದುರಿಗೇ ಇದ್ದರು. “ಮದಿವಿ ಆಗೂಣು ಅಂತ ಕೇಳಬೇಕಂತ ಮಾಡಿದ್ದೆ ಆಯೀ. ಈಗ ಕೇಳಾಕ ಮಾರಿ ಉಳದಿಲ್ಲ,” ಅಂದೆ.

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. “ಕೇಳೋದು ಬಿಡೋದು ಅಕಿ ಮುಂದ ನಡೀಲಿ. ಈಗ ಪಾಳಿ ಓದಪ್ಪ, ಬಿಸಲಾತು,” ಅಂದರು.

ಸೋಮವಾರ ಪೋಸ್ಟಾಫೀಸಿನ ಮುಂದೆ ಮುದುಕಿಯರ ಸಾಲು ಬಾಗಿಲು ದಾಟಿತ್ತು. ಮಲ್ಲಾಬಾಯಿ ಮುಂದಿದ್ದಳು. ಒಡೆಯದ ಡಬ್ಬಿ ಹಿಡಿದು ನಾನು ಕೊನೆಯಲ್ಲಿ ನಿಂತೆ. ದಾರಿಯಲ್ಲಿ ಹೋಗುವವರು ನನ್ನನ್ನು ನೋಡಿ ನಕ್ಕು ಹೋಗುತ್ತಿದ್ದರು. ಮುಖ ಕಾದಿತ್ತು, ಆದರೆ ನಾನು ಸಾಲು ಬಿಡಲಿಲ್ಲ. ಕೆಲಸ ಮುಗಿದವರೂ ಹೋಗದೆ ಗೋಡೆಗೆ ಒರಗಿ ನಿಂತಿದ್ದರು.

ನನ್ನ ಸರದಿ ಬಂತು. ದೇವಕಿ ಡಬ್ಬಿಯನ್ನು ತೆಗೆದುಕೊಂಡಳು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.

“ಏನೈತ್ರಿ ಇದರಾಗ?”

“ಗೊಂಬಿ ರೀ.”

“ಕೇಳ್ಸಲಿಲ್ಲ.”

“ಗೊಂಬಿ ರೀ ಮೇಡಂ! ಎರಡು. ಚಾಂದಮಹಲ್ ಪಾರ್ಕ್ ಮುಚ್ಚೋ ದಿನ ಕೆಲಸದವರೆಲ್ಲ ಕೂಡಿ, ಮೆಟ್ಟಲ ಮ್ಯಾಲಿನ ಮದುಮಗಳನ್ನ ಬಿಚ್ಚಿ ಅಂಬಿಗನ ಜೋಡಿ ದೋಣ್ಯಾಗ ಕುಂದ್ರಿಸಿ, ಖಾಲಿ ಸುರಂಗದಾಗ ಒಂದು ಸುತ್ತು ಕಳಿಸಿದ್ರಂತ. ಇಪ್ಪತ್ತೇಳು ವರ್ಷ ಎದುರುಬದುರು ನಿಂತವರು. ಅದರ ಗೊಂಬಿ ಇದು.”

ಅವಳು ಟಪಾಲು ದಾರ ಕತ್ತರಿಸುವ ಕತ್ತರಿಯಿಂದ ಟೇಪು ಸೀಳಿದಳು. ದೋಣಿಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತಿದ್ದರು. ಅಂಬಿಗನ ಲಾಂದ್ರ ಕೆಳಗೆ ಇಳಿದಿತ್ತು. ಅವಳ ಕಣ್ಣು ತುಂಬಿ ಬಂದವು. ಅವನ್ನು ಒರೆಸಿಕೊಳ್ಳದೆ, ದೋಣಿಯನ್ನು ಎತ್ತಿ ರಸ್ತೆಯ ಕಡೆಯ ಕಿಟಕಿಯಲ್ಲಿ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಇಟ್ಟಳು.

“ನನ್ನ ಸಿಟ್ಟು ಇನ್ನಾ ಹೋಗಿಲ್ಲ,” ಅಂದಳು.

“ಗೊತ್ತೈತ್ರಿ. ಕಾಯ್ತೀನಿ.”

“ನಾಳಿ ಯಾರರೆ ಬಂದು ಇದು ಯಾರದಂತ ಕೇಳಿದ್ರ ಏನಂತೀರಿ?”

“ನಂದು ಅಂತೀನಿ. ಯಾರ ಕೇಳಿದ್ರೂ ಅಂತೀನಿ.”

ಅವಳು ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿದಳು. ತುಟಿಯ ಒಂದು ಕೊನೆ ನಕ್ಕಿತು.

“ಹಂಗಲ್ರಿ,” ಅಂದಳು. “ನಮ್ಮದು ಅನ್ರಿ.”

ನಾನು ಗೋಡೆಗೆ ಒರಗಿದ್ದ ಮುದುಕಿಯರ ಕಡೆ ತಿರುಗಿ, ಬಾಗಿಲ ಆಚೆಯ ರಸ್ತೆಗೂ ಕೇಳಿಸುವ ಹಾಗೆ, “ಇದು ನಮ್ಮದು!” ಅಂದೆ. ಆಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.