ಅತ್ತೆ ಒಬ್ಬರೇ ಹಾಡಿದ ಸೋಬಾನೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಚಚಡಿಯ ನಮ್ಮ ಮನೆಯಲ್ಲಿ ಹಾಡುಹಗಲೇ ನಡೆದದ್ದಿದು. ಬಸುರಿ ನಾದಿನಿಗೆ ಹೋದ ವಾರ ಮಾಡಿದ ಕುಬಸದ ಶಾಸ್ತ್ರದ ವಿಡಿಯೊ ಜೋಡಿಸುತ್ತ ಕೂತಿದ್ದೆ. ಕ್ಯಾಮೆರಾದ ಮೈಕ್ ಕೆಟ್ಟಿದ್ದರಿಂದ, ಅತ್ತೆ ಗುರುಬಸವ್ವ ಒಬ್ಬರೇ ಕೂತು ಹಾಡಿದ ಸೋಬಾನೆಯನ್ನು ಹಳೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಹಾಳಾದ ಸಾಫ್ಟ್‌ವೇರ್ ಆರು ಸಲ ಹಾಕಿದರೂ 'ಈ ಫಾರ್ಮ್ಯಾಟ್ ನಡೆಯುವುದಿಲ್ಲ' ಎಂದಿತು. ಸಿಟ್ಟು ನೆತ್ತಿಗೇರಿ, ಫೈಲನ್ನು ಎಂಪಿ3ಗೆ ಬದಲಿಸಿ ಹಾಕಿದೆ.

ಹಾಡು ಬಂತು. ಅತ್ತೆ ಎತ್ತಿದ ಪ್ರತಿ ಸಾಲನ್ನೂ ಇನ್ನೊಂದು ಹೆಣ್ಣುದನಿ ಮರಳಿ ಹಾಡುತ್ತಿತ್ತು.

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ಹಿಂದ ನನ್ನ ಜೋಡಿ ಹಾಡತಿದ್ದ ಆ ಪಾರವ್ವನ ದನಿ ಯಾಕ ಸೇರಿಸಿದಿ? ಜಗಳಾದ ಮ್ಯಾಲ ಆಕಿ ಸಾಯೂತನಕ ನಾ ಆಕಿ ಜೋಡಿ ಮಾತಾಡಿಲ್ಲ!"

"ನಾ ಏನೂ ಸೇರಿಸಿಲ್ರಿ ಅತ್ತಿ. ಇದು ಕುಬಸದ ದಿನದ್ದ ಐತ್ರಿ."

"ಸುಳ್ಳ ಹೇಳಬ್ಯಾಡ! ಆಕಿ ಸತ್ತ ಮೂರ ವರ್ಷ ಆತು. ತಗದ ಒಗಿ!"

ನನಗೂ ರೇಗಿತು. ಆಡಿಯೊ ಅಳಿಸಿ, ಬರೀ ವಿಡಿಯೊ ಓಡಿಸಿದೆ.

ಅದರಲ್ಲಿ ಅತ್ತೆ ಒಂದು ಸಾಲು ಹಾಡಿ ಬಾಯಿ ಮುಚ್ಚುತ್ತಾರೆ. ಪಕ್ಕದ ಖಾಲಿ ಜಾಗವನ್ನು ದುರುಗುಟ್ಟಿ ನೋಡುತ್ತ ಒಂದು ಸಾಲಿನಷ್ಟು ಹೊತ್ತು ಕಾಯುತ್ತಾರೆ. ಮೂರನೇ ಸಾಲು ಮುಗಿದಾಗ, ಸಿಟ್ಟಿನ ಮುಖದಲ್ಲೇ, ಜಮಖಾನೆಯ ಮೇಲೆ ಒಂದು ಮೊಳ ಸರಿದು ಜಾಗ ಬಿಟ್ಟುಕೊಡುತ್ತಾರೆ.