ಪದ್ಮನಾಭರಾಯರಿಗೊಂದು ತಂಬಿಟ್ಟಿನ ದೀಪ

“ಬಂತಾ?”

ಮಾಳಿಗೆ ಮೇಲಿಂದ ಕೋದಂಡನ ದನಿ ಕೇಳಿಸಿತು. ಪ್ರತಿ ಶುಕ್ರವಾರ ಸಂಜೆ ಆಂಟೆನಾ ತಿರುಗಿಸುವುದು ಅವನ ಕೆಲಸ, ‘ಬಂತು’ ಎಂದು ಕೂಗುವುದು ಆದಿಲಕ್ಷ್ಮಿಯ ಕೆಲಸ. ಮದುವೆ ಮಾತು ನಡೆಯುತ್ತಿರುವ ಹುಡುಗ ಹುಡುಗಿಗೆ ಕೆ.ಜಿ.ಎಫ್‌ನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಇದಕ್ಕಿಂತ ಹೆಚ್ಚು ಮಾತಾಡಲು ಯಾರು ಬಿಡುತ್ತಾರೆ, ಹೇಳಿ?

ಇವತ್ತು ಮಾತ್ರ ಅವಳು ಕೂಗಲಿಲ್ಲ.

“ಬಂತಾ, ಇಲ್ವಾ?”

ಟೀವಿಯಲ್ಲಿ ಚಿತ್ರ ಚೆನ್ನಾಗಿಯೇ ಬಂದಿತ್ತು. ಆದರೆ ಕಾರ್ಯಕ್ರಮ ನಡೆಸಿಕೊಡುವ ಪದ್ಮನಾಭರಾಯರ ಕುರ್ಚಿಯಲ್ಲಿ ಬೇರೊಬ್ಬ ಹೆಂಗಸು ಕೂತಿದ್ದಳು. “ನಿಮ್ಮೆಲ್ಲರ ಮೆಚ್ಚಿನ ಪದ್ಮನಾಭರಾಯರು ತೀವ್ರ ಅಸ್ವಸ್ಥರಾಗಿದ್ದಾರೆ. ಗಂಟಲಿನ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ...”

ಚಾಪೆ ಮೇಲೆ ಕೂತಿದ್ದ ಬೀದಿಯ ಹೆಂಗಸರೆಲ್ಲ ಗರಬಡಿದಂತಾದರು. ಆದಿಲಕ್ಷ್ಮಿಯ ಚಿಕ್ಕಮ್ಮ ಗಂಗರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಎಲ್ರದೂ ಊಟ ಆಯ್ತಾ?” ಎಂದು ನಗುತ್ತಾ ಕಾರ್ಯಕ್ರಮ ಶುರು ಮಾಡುತ್ತಿದ್ದವರು ರಾಯರು. ಈ ಮನೆಯವರೆಲ್ಲ ಪೆಟ್ಟಿಗೆಗೆ ಉತ್ತರವನ್ನೂ ಕೊಡುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ಊರಲ್ಲೇ ಬಿಟ್ಟು ಕ್ಯಾಸಂಬಳ್ಳಿಯಿಂದ ಚಿಕ್ಕಮ್ಮನ ಮನೆಗೆ ಬಂದ ಆದಿಲಕ್ಷ್ಮಿಗೆ, ಊಟ ಆಯ್ತಾ ಎಂದು ಕೇಳುವ ಆ ದನಿಯೆಂದರೆ ಪ್ರಾಣ. ಈಗ ಆ ಗಂಟಲಿಗೇ...

ಅವಳಿಗೆ ಅಳು ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

ಕೋದಂಡ ಇಳಿದು ಬಂದು ಬಾಗಿಲಲ್ಲೇ ನಿಂತ. ಸುದ್ದಿ ತಿಳಿದು ಅವನ ಮುಖವೂ ಕಪ್ಪಿಟ್ಟಿತು. ಒಂದು ಸಮಾಧಾನದ ಮಾತು ಆಡುತ್ತಾನೆ ಎಂದು ಅವಳು ತಲೆಯೆತ್ತಿದಳು.

“ಮುಖಾಮುಖಿ ನೋಡ್ದೇ ಇರೋರಿಗೇ ಇಷ್ಟು ಅಳ್ತೀಯಲ್ಲ... ನಾಳೆ ಮನೆಯೋರಿಗೇ ಇಂಥದ್ದು ಬಂದ್ರೆ ನೀನು ಉಳೀತೀಯಾ?”

ಅಷ್ಟೇ ಅಂದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

‘ಏನು ಮನುಷ್ಯ ಇವನು? ಅಳೋದೂ ತಪ್ಪಾ?’ ಅವಳ ಎದೆ ಉರಿಯಿತು.

ಮೂರ್ನಾಲ್ಕು ದಿನಕ್ಕೆ ಕಾಮಸಮುದ್ರದಿಂದ ಅವನ ಅಣ್ಣ ಜಯರಾಮಪ್ಪ ಬಂದ. ಕೊಟ್ಟ ಕಾಫಿಯನ್ನೂ ಕುಡಿಯದೆ ನೆಲ ನೋಡುತ್ತಾ ಕೂತ.

“ತಮ್ಮ ಮದ್ವೆ ಬ್ಯಾಡ ಅಂತವ್ನೆ, ಅಕ್ಕಾ. ಯಾಕಂತ ಕೇಳುದ್ರೆ ಬಾಯೇ ಬಿಡ್ತಿಲ್ಲ. ನೀವು ಬೇರೆ ಕಡೆ ನೋಡ್ಕಳಿ.”

“ಅದೆಂಗೆ ಆಯ್ತದೆ? ಉಡುಗನ್ದು ಪುಷ್ಯ ನಕ್ಷತ್ರ, ಚೆನ್ನಾಗಿ ಕೂಡ್ತದೆ ಅಂತ ಜೋಯಿಸರೇ ಏಳವ್ರಲ್ಲ?” ಗಂಗರತ್ನಮ್ಮ ಕೇಳಿದಳು.

ಜಯರಾಮಪ್ಪ ಕೈ ಮುಗಿದು ಎದ್ದ.

ಬಾಗಿಲ ಹಿಂದೆ ನಿಂತಿದ್ದ ಆದಿಲಕ್ಷ್ಮಿಗೆ ಕಾರಣ ಗೊತ್ತಿತ್ತು... ಗೊತ್ತಿದೆ ಅಂದುಕೊಂಡಿದ್ದಳು, ಪಾಪ. ‘ಟೀವಿಯವರಿಗೆ ಅತ್ತಿದ್ದಕ್ಕೆ ನನ್ನನ್ನು ಬೇಡ ಅಂದುಬಿಟ್ಟ.’ ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಬೇಡ ಅಂದವನ ಮೇಲೆ ಸಿಟ್ಟಾದರೂ ಬರಬಾರದೇ? ಅದೂ ನೆಟ್ಟಗೆ ಬರಲಿಲ್ಲ.

ಅದರ ಮುಂದಿನ ಮಂಗಳವಾರ ಬೀದಿಯ ಹೆಂಗಸರೆಲ್ಲ ರಾಯರ ಹೆಸರಿನಲ್ಲಿ ಮಾರಿಯಮ್ಮನಿಗೆ ತಂಬಿಟ್ಟಿನ ದೀಪ ಹೊತ್ತರು. ಅಕ್ಕಿಹಿಟ್ಟಿಗೆ ಬೆಲ್ಲ ಕಲಸಿ, ದೀಪ ಮಾಡಿ, ತುಪ್ಪದ ಬತ್ತಿ ಹಚ್ಚಿ, ತಲೆ ಮೇಲೆ ತಟ್ಟೆ ಇಟ್ಟುಕೊಂಡು ಹೋದರು. ಗಂಡಸರೂ ಬಂದಿದ್ದರು. ಅವರ ನಡುವೆ ಕೋದಂಡನೂ ಇದ್ದ. ಆದಿಲಕ್ಷ್ಮಿ ಅವನತ್ತ ನೋಡಬಾರದು ಅಂದುಕೊಂಡೇ ಎರಡು ಸಲ ನೋಡಿದಳು. ಇಳಿದುಹೋಗಿದ್ದಾನೆ ಅನ್ನಿಸಿತು.

“ಪೇರು, ನಚ್ಚತ್ತಿರಂ ಸೊಲ್ಲುಮ್ಮಾ,” ಎಂದು ತಮಿಳು ಪೂಜಾರಿ, ಮುಂದೆ ನಿಂತಿದ್ದ ಅವಳ ಬಳಿಯೇ ಹೆಸರು, ನಕ್ಷತ್ರ ಕೇಳಿದರು.

“ಪದ್ಮನಾಭ...”

“ನಚ್ಚತ್ತಿರಂ?”

ಹೆಂಗಸರು ಮುಖ ಮುಖ ನೋಡಿಕೊಂಡರು. ಟೀವಿಯಲ್ಲಿ ಬರುವವರ ಹುಟ್ಟಿದ ನಕ್ಷತ್ರ ಯಾರಿಗೆ ಗೊತ್ತು? ಬತ್ತಿ ಸುಟ್ಟು ಇಳಿಯುತ್ತಿತ್ತು, ಪೂಜಾರಿ ಅವಸರ ಮಾಡುತ್ತಿದ್ದರು. ಅವಳ ತಲೆಯಲ್ಲಿ ಹಗಲು ರಾತ್ರಿ ಸುತ್ತುತ್ತಿದ್ದುದು ಒಂದೇ ನಕ್ಷತ್ರ.

“ಪುಷ್ಯ,” ಎಂದುಬಿಟ್ಟಳು.

ಪುಷ್ಯ ನಕ್ಷತ್ರದಲ್ಲಿ ಹುಟ್ಟಿದವನ ರೋಗವೆಲ್ಲ ಕಳೆಯಲಿ ಎಂದು ಪೂಜಾರಿ ಗಟ್ಟಿಯಾಗಿ ಬೇಡಿಕೊಂಡರು. ಕುಂಕುಮ ಹಿಡಿದು ಈಚೆ ಬಂದ ಅವಳಿಗೆ ಕೋದಂಡ ಅಡ್ಡ ನಿಂತ.

“ಯಾರು ಏಳಿದ್ರು ನಿನಗೆ?”

“ಏನು?”

“ನನ್ನ ಕಾಯಿಲೆ ವಿಷ್ಯ. ನನ್ನ ನಕ್ಷತ್ರ ಏಳಿ ಅರ್ಚನೆ ಮಾಡಿಸಿದ್ಯಲ್ಲ. ಡಾಕ್ಟ್ರನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅಣ್ಣಂಗೂ ಏಳಿಲ್ಲ ನಾನು.”

ಅವಳ ಕೈಯ ಕುಂಕುಮ ಚೆಲ್ಲಿತು.

“ನಿಮಗೆ... ಏನು ಕಾಯಿಲೆ?”

ಆಗ ಅವನಿಗೆ ಅರ್ಥವಾಯಿತು, ಬಚ್ಚಿಟ್ಟಿದ್ದನ್ನು ತಾನೇ ಬಿಚ್ಚಿಟ್ಟಿದ್ದೇನೆ ಎಂದು. ತಲೆ ತಗ್ಗಿಸಿದ. ಎದೆಯ ಎಕ್ಸ್‌ರೇ ತೆಗೆಸಿದ್ದು, ಟೀಬಿ ಅಂದದ್ದು, ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬನೇ ಕೂತು ಅತ್ತದ್ದು, ಎಲ್ಲ ಹೇಳಿದ.

“ಅವತ್ತು ನೀನು ಅಳೋದು ನೋಡಿದ್ನಲ್ಲ... ಈ ಉಡುಗಿ ನನ್ನ ಕಾಯಿಲೇನ ತಡ್ಕಳಲ್ಲ ಅನ್ನಿಸ್ತು. ಅದಕ್ಕೇ ಬ್ಯಾಡ ಅಂದೆ.”

ಆದಿಲಕ್ಷ್ಮಿಗೆ ಭಯವಾಯಿತು, ಸಿಟ್ಟು ಬಂತು, ಪ್ರೀತಿ ಉಕ್ಕಿತು. ಯಾವುದು ಮೊದಲು ಅಂತ ಅವಳಿಗೇ ತಿಳಿಯದು.

“ರಾಯರಿಗೆ ಅಳೋದು ಬಿಟ್ಟು ನನ್ನ ಕೈಲಿ ಇನ್ನೇನಾಗ್ತಿತ್ತು, ಏಳಿ? ಅವ್ರ ಆಸ್ಪತ್ರೆ ಬಾಗಿಲಿಗೂ ನನ್ನನ್ನ ಸೇರಿಸಲ್ಲ. ನಿಮಗಾದ್ರೆ ಗಂಜಿ ಕಾಯಿಸಬೋದು. ಮಾತ್ರೆ ತಗಂಡ್ರಾ ಅಂತ ಬೈಬೋದು. ಮಾಡಕ್ಕೆ ಕೆಲಸ ಇದ್ರೆ ನಾನ್ಯಾಕೆ ಅಳ್ತಾ ಕೂತ್ಕಳ್ಳಿ?”

“ಒಂದು ವರ್ಷ ಮಾತ್ರೆ ನುಂಗಬೇಕಂತೆ. ಗುಣ ಆಯ್ತದೆ ಅಂದವ್ರೆ. ಆಗ್ದೇ ಓದ್ರೆ...”

“ವಾಸಿ ಆದ್ಮೇಲೆ ಮದ್ವೆ. ಅಪ್ಪಂಗೆ ನಾನೇ ಏಳ್ತೀನಿ.” ಅವಳ ದನಿ ನಡುಗಿತು, ಮಾತು ನಡುಗಲಿಲ್ಲ.

“ನಿಮ್ಮಪ್ಪ ಒಪ್ತಾರಾ?”

“ಗೊತ್ತಿಲ್ಲ. ನಾನು ಒಪ್ಪಿದೀನಿ.”

ಅವನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೆಮ್ಮು ಒತ್ತರಿಸಿತು. ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಹಿಂದೆ ಸರಿ ಎಂದು ಸನ್ನೆ ಮಾಡಿದ.

“ದೂರ ನಿಂತ್ಕ ಆದಿಲಕ್ಷ್ಮಿ... ಅಂಟ್ಕಂತದೆ.”

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

“ದೂರಾನೇ ನಿಂತ್ಕತೀನಿ. ಬಿಟ್ಟು ಮಾತ್ರ ಓಗಲ್ಲ.”